ಕಾಮಿಕ್ಸ್‌ನಲ್ಲಿ ಶಿಕ್ಷೆ, ಈಜಿಪ್ಟಿನಲ್ಲಿ ಭಾಗ್ಯ

ಪ್ರಶ್ನೆ: ಐದನೆಯ ತರಗತಿಯಲ್ಲಿರುವ ನನ್ನ ಮಗ ಮಾರ್ವೆಲ್ ಕಾಮಿಕ್ಸ್‌ನ ಹಳೆಯ ‘ಲಿವಿಂಗ್ ಮಮ್ಮಿ’ ಕಥೆಯನ್ನು ಓದಿ, ಈಜಿಪ್ಟಿನಲ್ಲಿ ತಪ್ಪು ಮಾಡಿದವರನ್ನು ಜೀವಂತವಾಗಿಯೇ ಮಮ್ಮಿ ಮಾಡುತ್ತಿದ್ದರು, ಅವರು ಎದ್ದುಬಂದು ಸೇಡು ತೀರಿಸಿಕೊಳ್ಳುತ್ತಾರೆ ಎಂದು ನಂಬಿದ್ದಾನೆ. ಇದರಲ್ಲಿ ನಿಜವೆಷ್ಟು?
– ಓದುಗರು, ಧಾರವಾಡ

ಉತ್ತರ: ಆ ಕಥೆಯ ನಾಯಕ ಎನ್‌ಕಂಟು 1973ರಲ್ಲಿ ‘ಸೂಪರ್‌ನ್ಯಾಚುರಲ್ ಥ್ರಿಲ್ಲರ್ಸ್’ ಸರಣಿಯ 5ನೆಯ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡ. ಈಜಿಪ್ಟಿನಲ್ಲಿ ಗುಲಾಮನಾಗಿದ್ದ ಈ ಆಫ್ರಿಕನ್ ಮುಖಂಡ ದಂಗೆಯೇಳುತ್ತಾನೆ. ಅರ್ಚಕನೊಬ್ಬ ಅವನ ರಕ್ತ ತೆಗೆದು, ದೇಹ ಕೆಡದಂತೆ ಕಾಯುವ ದ್ರವವನ್ನು ತುಂಬಿ, ಜೀವವಿರುವಾಗಲೇ ಸುತ್ತಿ ಹೂಳುತ್ತಾನೆ. 3000 ವರ್ಷಗಳ ನಂತರ ಅವನು ಎದ್ದು ನಿಲ್ಲುತ್ತಾನೆ. ಕಥೆ ಗುಲಾಮನ ಪರವಾಗಿ ನಿಲ್ಲುವುದರಿಂದ ನನಗೆ ಇಷ್ಟವೇ. ಆದರೆ ಅದರ ತಳಹದಿ ತಲೆಕೆಳಗಾಗಿದೆ: ಪ್ರಾಚೀನ ಈಜಿಪ್ಟಿನಲ್ಲಿ ಮಮ್ಮಿಯಾಗುವುದು ಶಿಕ್ಷೆಯಲ್ಲ, ಎಲ್ಲರಿಗೂ ಎಟುಕದ ಭಾಗ್ಯ.

ಸತ್ತವನ ‘ಬಾ’ ಎಂಬ ಆತ್ಮಾಂಶವು (ನಮ್ಮ ‘ಬಾ’ಗೂ ಅದಕ್ಕೂ ನಂಟಿಲ್ಲ) ಮನುಷ್ಯನ ತಲೆಯುಳ್ಳ ಹಕ್ಕಿಯ ರೂಪದಲ್ಲಿ ಹಗಲು ಹೊರಗೆ ಹಾರಾಡಿ ರಾತ್ರಿ ದೇಹಕ್ಕೆ ಮರಳುತ್ತದೆ ಎಂದು ಅಲ್ಲಿನವರು ನಂಬಿದ್ದರು, ದೇಹ ಕೊಳೆತುಹೋದರೆ ಅದಕ್ಕೆ ಮರಳಲು ಠಾವೇ ಇರದು. ಅದಕ್ಕಾಗಿಯೇ ನೇಟ್ರಾನ್ ಎಂಬ ಸಹಜ ಲವಣದಲ್ಲಿ ಹೆಣವನ್ನು ಒಣಗಿಸಿ, ರಾಳ ಬಳಿದು, ಲಿನನ್ ಬಟ್ಟೆ ಸುತ್ತುವ, ಒಟ್ಟು ಸುಮಾರು 70 ದಿನಗಳ ಆ ಕೆಲಸ. ಇದರಲ್ಲಿ ಕೊಡುವ ಹಣಕ್ಕೆ ತಕ್ಕಂತೆ ಮೂರು ದರ್ಜೆಗಳಿದ್ದವು ಎಂದು ಕ್ರಿಸ್ತಪೂರ್ವ 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ವಾ ಎಂಬ ಅಧಿಕಾರಿಯ ಮಮ್ಮಿಗೆ ಬಳಸಿದ್ದ ಬಟ್ಟೆ ಸುಮಾರು 375 ಚದರ ಮೀಟರ್. ದಂಗೆಯೆದ್ದ ಗುಲಾಮನಿಗೆ ಇಷ್ಟು ಖರ್ಚು ಯಾರು ಮಾಡಿಯಾರು?

ರಕ್ತ ತೆಗೆದು ದ್ರವ ತುಂಬುವುದೂ ಈಜಿಪ್ಟಿನ ಪದ್ಧತಿಯಲ್ಲ. ರಕ್ತನಾಳಗಳಿಗೆ ದ್ರವ ಹಾಯಿಸುವ ವಿದ್ಯೆ ಬೆಳೆದದ್ದು ಬಹಳ ತಡವಾಗಿ, ಯುರೋಪಿನಲ್ಲಿ. ಈಜಿಪ್ಟಿನವರು ಮೆದುಳನ್ನು ಸಾಮಾನ್ಯವಾಗಿ ಮೂಗಿನ ಮೂಲಕ ತೆಗೆದು ಎಸೆಯುತ್ತಿದ್ದರು; ಯಕೃತ್ತು, ಶ್ವಾಸಕೋಶ, ಜಠರ, ಕರುಳುಗಳನ್ನು ಬೇರೆಯಾಗಿ ಒಣಗಿಸಿ ಜಾಡಿಗಳಲ್ಲಿಡುತ್ತಿದ್ದರು; ಹೃದಯವನ್ನು ಮಾತ್ರ ದೇಹದಲ್ಲೇ ಬಿಡುತ್ತಿದ್ದರು, ಏಕೆಂದರೆ ಪರಲೋಕದ ನ್ಯಾಯಸಭೆಯಲ್ಲಿ ಸತ್ಯದೇವತೆ ಮಾಅತ್‌ಳ ಗರಿಯ ಎದುರು ತೂಗಬೇಕಾದದ್ದು ಅದನ್ನೇ. ಇನ್ನು ಕಾಮಿಕ್ಸ್‌ನ ಮಮ್ಮಿ ಪಟ್ಟಿಗಳನ್ನು ಜೋತಾಡಿಸುತ್ತ ಕಾಲೆಳೆದು ನಡೆಯುವ ಚಿತ್ರವಿದೆಯಲ್ಲ, ಅದು ಅರ್ಧ ಸರಿ. ಬೆರಳು, ಕೈ, ಕಾಲುಗಳನ್ನು ಮೊದಲು ಬಿಡಿಬಿಡಿಯಾಗಿ ಸುತ್ತುತ್ತಿದ್ದದ್ದು ನಿಜ. ಆದರೆ ಅದರ ಮೇಲೆ ಎರಡೂ ಕಾಲುಗಳನ್ನು ಸೇರಿಸಿ ಇಡೀ ದೇಹವನ್ನು ಒಂದೇ ಗಂಟಾಗಿ ಬಿಗಿಯುತ್ತಿದ್ದುದರಿಂದ, ಎದ್ದರೂ ಅದು ಹೆಜ್ಜೆಯಿಡಲಾರದು.

ಶಿಕ್ಷೆಯ ಜಾಡು ಹಿಡಿಯಬೇಕೆಂದರೆ ನಿಮ್ಮ ಮಗನಿಗೆ ನಿಜವಾದ ಒಂದು ಕಥೆಯನ್ನೇ ಹೇಳಬಹುದು, ಅದು ಕಾಮಿಕ್ಸ್‌ಗಿಂತ ಭಯಂಕರವಾಗಿದೆ. 1881ರಲ್ಲಿ ದೇರ್ ಎಲ್-ಬಹರಿಯ ಗುಪ್ತ ಗೋರಿಯಲ್ಲಿ ರಾಜರ ಮಮ್ಮಿಗಳೊಡನೆ ಹೆಸರಿಲ್ಲದ ತರುಣನೊಬ್ಬನ ಶವವೂ ಸಿಕ್ಕಿತು. ಬಾಯಿ ಕಿರುಚುವಂತೆ ತೆರೆದಿತ್ತು; ಅಪವಿತ್ರವೆಂದು ಎಣಿಸುತ್ತಿದ್ದ ಮೇಕೆಯ ಚರ್ಮದಲ್ಲಿ ಅದನ್ನು ಸುತ್ತಿದ್ದರು; ಒಳಗಿನ ಅಂಗಗಳನ್ನು ತೆಗೆದಿರಲಿಲ್ಲ. ಈಜಿಪ್ಟಿನ ರಾಜ ಮೂರನೆಯ ರಾಮ್ಸೆಸ್‌ನನ್ನು ಕೊಲ್ಲಲು ಅಂತಃಪುರದಲ್ಲಿ ನಡೆದ ಸಂಚಿನ ವಿಚಾರಣೆಯ ದಾಖಲೆ ಪಪೈರಸ್‌ನಲ್ಲಿ ಉಳಿದಿದ್ದು, ಅದರಲ್ಲಿ ಪೆಂಟಾವೆರೆ ಎಂಬ ರಾಜಕುಮಾರ ಅಪರಾಧಿಯೆಂದು ತೀರ್ಮಾನವಾಗಿ ತಾನೇ ಪ್ರಾಣ ಕಳೆದುಕೊಂಡನೆಂದಿದೆ. 2012ರಲ್ಲಿ ಪ್ರಕಟವಾದ ಪರೀಕ್ಷೆಗಳು ರಾಜನ ಗಂಟಲು ಸೀಳಿದ್ದನ್ನು ತೋರಿಸಿದವು. ಡಿಎನ್‌ಎ ಪರೀಕ್ಷೆಯ ಪ್ರಕಾರ ಆ ತರುಣ ರಾಜನ ಮಗನಾಗಿರುವ ಸಾಧ್ಯತೆ ಬಲವಾಗಿದೆ, ಆದ್ದರಿಂದ ಅವನೇ ಪೆಂಟಾವೆರೆ ಇರಬೇಕೆಂದು ಹಲವರ ಊಹೆ. ಹೆಸರನ್ನೂ ಬಿಳಿಯ ಲಿನನ್ನನ್ನೂ ಕಸಿದುಕೊಳ್ಳುವುದು, ಅಂದರೆ ಸರಿಯಾಗಿ ಮಮ್ಮಿ ಮಾಡದೆ ಬಿಡುವುದು, ಅಲ್ಲಿನ ಶಿಕ್ಷೆ.

ಇನ್ನು ಸೇಡಿನ ವಿಷಯ: ಗೋರಿ ತೆರೆದವರಿಗೆ ಮಮ್ಮಿಯ ಶಾಪ ತಟ್ಟುತ್ತದೆಂಬ ಮಾತು ಬಹುಮಟ್ಟಿಗೆ ಪತ್ರಿಕೆಗಳ ಕೊಡುಗೆ. ಈಜಿಪ್ಟಿನ ರಾಜ ತುತಾಂಖಾಮನ್‌ನ ಗೋರಿಯ ಶೋಧಕ್ಕೆ ಹಣ ಕೊಟ್ಟ ಲಾರ್ಡ್ ಕಾರ್ನರ್ವಾನ್ 1923ರ ಏಪ್ರಿಲ್‌ನಲ್ಲಿ, ಸೊಳ್ಳೆ ಕಚ್ಚಿದ ಗಾಯ ನಂಜಾಗಿ ತೀರಿಕೊಂಡದ್ದೇ ಸುದ್ದಿಗೆ ಸಾಕಾಯಿತು. ಗೋರಿಯನ್ನು ಪತ್ತೆ ಹಚ್ಚಿದ ಹೋವರ್ಡ್ ಕಾರ್ಟರ್ 1939ರವರೆಗೆ ಬದುಕಿದ್ದ. ಹಾಗೆಂದು ಈಜಿಪ್ಟಿನ ಗೋರಿಗಳಲ್ಲಿ ಬೆದರಿಕೆಗಳೇ ಇಲ್ಲವೆಂದಲ್ಲ: ಪಿರಮಿಡ್ಡುಗಳ ಕಾಲದ ಕೆಲವು ಗೋರಿಗಳ ಬರಹದಲ್ಲಿ, ಮೈಲಿಗೆಯಲ್ಲಿ ಒಳಬರುವವನ ಕತ್ತನ್ನು ಹಕ್ಕಿಯದರಂತೆ ಹಿಡಿಯುವೆನೆಂದು ಸತ್ತವನು ಹೇಳುತ್ತಾನೆ. ಆದರೆ ಗೋರಿಯ ಗೋಡೆಗಳಲ್ಲಿ ಇದಕ್ಕಿಂತ ಬಹಳ ಹೆಚ್ಚಾಗಿ ಸಿಗುವುದು ಒಂದು ಬೇಡಿಕೆ: ದಾರಿಹೋಕರೇ, ನನ್ನ ಹೆಸರಿನಲ್ಲಿ ಸಾವಿರ ರೊಟ್ಟಿ, ಸಾವಿರ ಪಾತ್ರೆ ಬಿಯರ್ ಎಂದು ಬಾಯಿಮಾತಿನಲ್ಲಾದರೂ ಹೇಳಿ ಹೋಗಿ.