‘ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್‌ನಲ್ಲಿದ್ದರೆ, ಕೆಟ್ಟ ವಸ್ತುವನ್ನೂ ಹಿಂದಿರುಗಿಸಲು ಆಗುವುದಿಲ್ಲವೇ?

ಆಗುತ್ತದೆ. ವಸ್ತುವಿನಲ್ಲೇ ದೋಷವಿದ್ದರೆ ಆ ಸಾಲು ಅಂಗಡಿಯವರನ್ನು ಕಾಪಾಡುವುದಿಲ್ಲ.

ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದೇ ‘ಅನುಚಿತ ವ್ಯಾಪಾರ ಪದ್ಧತಿ’, ಅಂದರೆ ಕಾನೂನು ಒಪ್ಪದ ವ್ಯಾಪಾರದ ರೀತಿ. ಬಿಲ್‌ನಲ್ಲಿ ಅವಧಿ ನಮೂದಿಸಿದ್ದರೆ ಅಷ್ಟರೊಳಗೆ, ಇಲ್ಲದಿದ್ದರೆ 30 ದಿನಗಳೊಳಗೆ ವಾಪಸ್ ಪಡೆಯಬೇಕು. ಕಾನೂನು ಕೊಟ್ಟ ಹಕ್ಕನ್ನು ಮಾರುವವರು ತಾವೇ ಅಚ್ಚು ಹಾಕಿಸಿದ ಒಂದು ಸಾಲಿನಿಂದ ಕಿತ್ತುಕೊಳ್ಳಲಾಗದು. ಅಷ್ಟಕ್ಕೂ ಆ ಸಾಲು ನಮ್ಮ ಕಣ್ಣಿಗೆ ಬೀಳುವುದು ದುಡ್ಡು ಎಣಿಸಿ ಕೊಟ್ಟು, ಬಿಲ್ ಕೈಗೆ ಬಂದ ಮೇಲೆ!

ಆದರೆ ಇದು ದೋಷಕ್ಕೆ ಮಾತ್ರ. ಮಿಕ್ಸಿ ಮೂರನೇ ದಿನಕ್ಕೆ ಸುಟ್ಟ ವಾಸನೆ ಬಂದು ನಿಂತುಹೋದರೆ ಕೇಳಬಹುದು; ಮನೆಗೆ ತಂದ ಮೇಲೆ ಬಣ್ಣ ಹಿಡಿಸಲಿಲ್ಲವೆಂದರೆ ಅದು ಅಂಗಡಿಯವರ ಮರ್ಜಿ.

ಮೊದಲು ತೊಂದರೆಯನ್ನು ಬರಹದಲ್ಲಿ ತಿಳಿಸಿ. ವಾಟ್ಸ್ಆ್ಯಪ್ ಆದರೂ ಸರಿ, ಬಾಯಿಮಾತು ಬೇಡ. ಬಿಲ್‌ನ ಫೋಟೋ ಇಂದೇ ತೆಗೆದಿಟ್ಟುಕೊಳ್ಳಿ, ಅದರ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗಬಹುದು. ಅಂಗಡಿಯವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಅಂಗಡಿ ಯಾವ ಊರಿನದೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡುವು, ತೊಂದರೆ ಎದುರಾದ ದಿನದಿಂದ 2 ವರ್ಷ.