ಸರ್‌ಗೆ ಹೇಳದೆ ಹೋಗಬೇಡಿ

ಈ ಸಲ ಬಂದ ಪತ್ರಗಳಲ್ಲಿ ಟೆನಿಸ್‌ದೇ ಜಾಸ್ತಿ, ಅದರಲ್ಲೂ ತುಮಕೂರು ಜಿಲ್ಲೆಯಿಂದ ಬಂದವು. ಕಾರಣ ಗೊತ್ತೇ ಇದೆ. 2025ರ ಡಿಸೆಂಬರ್‌ನಲ್ಲಿ ಸ್ಪೇನ್ ದೇಶದ ಟೆನಿಸ್ ಆಟಗಾರ ಕಾರ್ಲೊಸ್ ಅಲ್ಕರಾಜ್ ಮತ್ತು ಅವರ ಕೋಚ್ ಹುವಾನ್ ಕಾರ್ಲೊಸ್ ಫೆರೆರೊ ಬೇರೆಯಾದರು. ಅವತ್ತು ಶುರುವಾದ ಪತ್ರಗಳು ಇನ್ನೂ ನಿಂತಿಲ್ಲ. ನಾನೂ ತುಮಕೂರಿನಲ್ಲೇ ಮೊದಲು ರಾಕೆಟ್ ಹಿಡಿದವನು. ಹಾಗಾಗಿ ಈ ಅಂಕಣ ಪೂರ್ತಿ ಕೋಚ್‌ಗಳಿಗೇ ಇರಲಿ ಅಂದುಕೊಂಡೆ.

ಪ್ರಶ್ನೆ: ಹದಿನೈದು ವರ್ಷದ ಹುಡುಗನನ್ನು ಫೆರೆರೊ ಕೈಹಿಡಿದು ಬೆಳೆಸಿದರು. ಆರು ಗ್ರಾಂಡ್‌ಸ್ಲಾಂ ಗೆದ್ದ ಮೇಲೆ ಅವರನ್ನೇ ಬಿಟ್ಟಿದ್ದು ಏರಿದ ಏಣಿ ಒದ್ದ ಹಾಗೆ ಅಲ್ವಾ ಸರ್? ಅಲ್ಕರಾಜ್ ಮೇಲಿದ್ದ ಅಭಿಮಾನವೇ ಹೋಯಿತು.
(ಪಿಯುಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ನಿನ್ನ ವಯಸ್ಸು ನೋಡಿ ನೀನು ಅಂತಲೇ ಬರೆಯುತ್ತೇನೆ ತಮ್ಮಾ. ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ. ಫೆರೆರೊ ಸಾಮಾನ್ಯ ಕೋಚ್ ಅಲ್ಲ. ಗ್ರಾಂಡ್‌ಸ್ಲಾಂ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದಾದ ಫ್ರೆಂಚ್ ಓಪನ್ ಅನ್ನು 2003ರಲ್ಲಿ ಗೆದ್ದವರು, ಅದೇ ವರ್ಷ ವಿಶ್ವದ ನಂಬರ್ 1 ಆದವರು. ಅಂಥವರು 2018ರಿಂದ ಒಬ್ಬ ಹುಡುಗನ ಹಿಂದೆ ಊರೂರು ತಿರುಗಿದರು.

ಆದರೆ ಒಂದು ವಿಷಯ ಯೋಚನೆ ಮಾಡು. ಟೆನಿಸ್ ಆಟಗಾರ ವರ್ಷದಲ್ಲಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಟೂರ್‌ನಲ್ಲಿ ಇರುತ್ತಾನೆ. ಕೋಚ್ ಜೊತೆ ಒಂದೇ ವಿಮಾನ, ಒಂದೇ ಹೋಟೆಲ್, ಒಂದೇ ಊಟದ ಮೇಜು. ಹದಿನೈದರ ಹುಡುಗನಿಗೆ ಎಷ್ಟು ಹೊತ್ತಿಗೆ ಮಲಗಬೇಕು, ಏನು ತಿನ್ನಬೇಕು ಅಂತ ಕೋಚ್ ಹೇಳುತ್ತಾರೆ, ಅವನು ಕೇಳುತ್ತಾನೆ. ಇಪ್ಪತ್ತೆರಡಕ್ಕೆ ಅದೇ ಹುಡುಗ ನಂಬರ್ 1. ಈಗ ಹೇಳುವ ರೀತಿ ಬದಲಾಗಬೇಕು, ಕೇಳುವ ರೀತಿಯೂ ಬದಲಾಗಬೇಕು. ನಮ್ಮ ಕಡೆ ತೆಂಗಿನ ತೋಟ ಇರುವ ಮನೆಗಳಲ್ಲಿ ನೋಡಿರುತ್ತೀಯ. ಅಪ್ಪನೇ ಮಗನಿಗೆ ಗಿಡ ನೆಡೋದರಿಂದ ಕಾಯಿ ಕೀಳಿಸೋ ತನಕ ಎಲ್ಲ ಕಲಿಸಿರುತ್ತಾರೆ, ಮಗ ಬೆಳೆದು ಯಾವಾಗ ನೀರು ಬಿಡಬೇಕು ಅಂತ ತಾನೇ ನಿರ್ಧಾರ ಮಾಡೋಕೆ ಹೊರಟಾಗ ಇಬ್ಬರೂ ಒಳ್ಳೆಯವರಾದರೂ ಕಷ್ಟ ಆಗುತ್ತದೆ. ಅದರಲ್ಲಿ ದ್ರೋಹ ಏನೂ ಇಲ್ಲ. ಇನ್ನೊಂದು ಮಾತು: ಅಲ್ಕರಾಜ್ ಎಲ್ಲವನ್ನೂ ಕಿತ್ತು ಹಾಕಲಿಲ್ಲ. ತಂಡದಲ್ಲಿ ಮೊದಲೇ ಇದ್ದ ಸ್ಯಾಮುಯೆಲ್ ಲೋಪೆಸ್ ಮುಂದುವರಿದರು.

ಜೊಕೊವಿಚ್ ಕತೆ ಕೇಳು. ಮರಿಯಾನ್ ವೈದಾ 2006ರಲ್ಲಿ ಅವರ ಕೋಚ್ ಆದರು. 2013ರ ಕೊನೆಗೆ ಬೋರಿಸ್ ಬೆಕರ್ ಬಂದರು, ಆಗ ವೈದಾ ಒಂದು ಹೆಜ್ಜೆ ಹಿಂದೆ ಸರಿದರು, ಬಿಟ್ಟು ಹೋಗಲಿಲ್ಲ. ಬೆಕರ್ ಇದ್ದ ಮೂರು ವರ್ಷದಲ್ಲಿ ಆರು ಗ್ರಾಂಡ್‌ಸ್ಲಾಂ ಬಂತು. 2017ರ ಮೇ ತಿಂಗಳಲ್ಲಿ ಗೆಲುವು ನಿಂತುಹೋಗಿದ್ದಾಗ ಜೊಕೊವಿಚ್ ವೈದಾ ಸೇರಿ ಇಡೀ ತಂಡದಿಂದ ಬೇರೆಯಾದರು. ಹನ್ನೊಂದು ವರ್ಷದ ಸಂಬಂಧ. ಆಂಡ್ರೆ ಅಗಾಸಿ ಕೋಚ್ ಆಗಿ ಬಂದು ಹೋದರು, ಜೊಕೊವಿಚ್‌ಗೆ ಮೊಣಕೈ ಶಸ್ತ್ರಚಿಕಿತ್ಸೆ ಆಯಿತು. 2018ರ ಏಪ್ರಿಲ್‌ನಲ್ಲಿ ಮತ್ತೆ ವೈದಾ ಅವರನ್ನೇ ಕರೆದರು, ಅವರು ಬಂದರು. ಆ ವರ್ಷವೇ ವಿಂಬಲ್ಡನ್, ಯುಎಸ್ ಓಪನ್ ಎರಡೂ ಗೆದ್ದರು. ಬೇರೆಯಾಗುವಾಗ ಇಬ್ಬರೂ ಒಬ್ಬರ ಮೇಲೊಬ್ಬರು ಕೆಸರು ಎರಚಿರಲಿಲ್ಲ, ಅದಕ್ಕೇ ಬಾಗಿಲು ತೆರೆದೇ ಇತ್ತು. ನನಗೆ ಇಡೀ ಟೆನಿಸ್‌ನಲ್ಲಿ ತುಂಬಾ ಇಷ್ಟವಾದ ಗುರು-ಶಿಷ್ಯ ಜೋಡಿ ಇದು.

ಜಪಾನಿನ ಆಟಗಾರ್ತಿ ನವೊಮಿ ಒಸಾಕಾ ಇನ್ನೊಂದು ಥರ. 2018ರಲ್ಲಿ ಯುಎಸ್ ಓಪನ್, 2019ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್, ಜೊತೆಗೆ ನಂಬರ್ 1. ಕೆಲವೇ ವಾರದಲ್ಲಿ ಕೋಚ್ ಸಾಶಾ ಬಾಯಿನ್ ಅವರನ್ನು ಬಿಟ್ಟರು. ಎಲ್ಲರೂ ಬಾಯಿಗೆ ಬಂದ ಹಾಗೆ ಮಾತಾಡಿದರು. ಗೆಲುವಿಗಾಗಿ ನನ್ನ ಸಂತೋಷ ಬಿಟ್ಟುಕೊಡೋಕೆ ಆಗಲ್ಲ ಅನ್ನುವ ಅರ್ಥದ ಮಾತು ಆಕೆ ಹೇಳಿದರು. ಇಪ್ಪತ್ತೊಂದು ವರ್ಷದ ಹುಡುಗಿ ಹಾಗೆ ಹೇಳೋಕೆ ಧೈರ್ಯ ಬೇಕು.

ಹಾಗಂತ ಬದಲಾಯಿಸಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಎಮ್ಮಾ ರಾಡುಕಾನು 2021ರಲ್ಲಿ ಹದಿನೆಂಟನೇ ವಯಸ್ಸಿಗೆ ಅರ್ಹತಾ ಸುತ್ತಿನಿಂದ ಬಂದು, ಒಂದೂ ಸೆಟ್ ಸೋಲದೆ ಯುಎಸ್ ಓಪನ್ ಗೆದ್ದರು. ಅದಾದ ಕೂಡಲೇ ಆಗಿನ ಕೋಚ್ ಆಂಡ್ರ್ಯೂ ರಿಚರ್ಡ್‌ಸನ್ ಅವರನ್ನು ಮುಂದುವರಿಸಲಿಲ್ಲ. ಆಮೇಲೆ ಒಬ್ಬರಾದ ಮೇಲೆ ಒಬ್ಬರು. 2022ರಿಂದ 2024ರ ತನಕ ಒಂದೂ ಟೂರ್ನಿ ಕೈಗೆ ಬರಲಿಲ್ಲ. ಎರಡೂ ಮಣಿಕಟ್ಟು, ಕಾಲಿನ ಪಾದದ ಕೀಲು ಎಲ್ಲಕ್ಕೂ ಆಪರೇಷನ್ ಆಗಿತ್ತು, ಆದ್ದರಿಂದ ತಪ್ಪೆಲ್ಲ ಕೋಚ್ ಬದಲಾವಣೆಯದೇ ಅನ್ನುವುದು ಅನ್ಯಾಯ. ಆದರೂ ಒಂದು ಸರ್ವ್ ಸರಿಪಡಿಸೋಕೇ ತಿಂಗಳುಗಟ್ಟಲೆ ಬೇಕು. ಒಬ್ಬರು ಶುರು ಮಾಡಿದ್ದು ಕೈಗೆ ಕೂರುವ ಮೊದಲೇ ಇನ್ನೊಬ್ಬರು ಬಂದರೆ ಯಾರ ಪಾಠವೂ ಉಳಿಯುವುದಿಲ್ಲ.

ಅಭಿಮಾನ ಬಿಡಬೇಡ ತಮ್ಮಾ. ಫೆರೆರೊ ಅವರ ಮೇಲೂ ಇರಲಿ, ಅಲ್ಕರಾಜ್ ಮೇಲೂ ಇರಲಿ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಕೋಚ್ ಅನ್ನು ಮಂಡಳಿ ನೇಮಿಸುತ್ತದೆ. ಟೆನಿಸ್‌ನಲ್ಲಿ ಸಂಬಳ ಕೊಡುವವರು ಯಾರು?
(ನಿವೃತ್ತ ಶಿಕ್ಷಕರು, ತಿಪಟೂರು)

ಉತ್ತರ: ಆಟಗಾರರೇ, ಮೇಷ್ಟ್ರೇ. ಈ ಇಡೀ ಗೊಂದಲದ ಬೇರು ಇಲ್ಲೇ ಇದೆ. ವಾರಕ್ಕೆ ಇಷ್ಟು ಅಂತ ಸಂಬಳ, ಅದರ ಮೇಲೆ ಗೆದ್ದ ಹಣದಲ್ಲಿ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ ಹತ್ತರ ಆಸುಪಾಸು. ಕೋಚ್‌ನ ವಿಮಾನ, ಹೋಟೆಲ್ ಖರ್ಚೂ ಆಟಗಾರನದೇ. ಅಂದರೆ ಕಲಿಯುವವನೇ ಯಜಮಾನ, ಕಲಿಸುವವರೇ ಕೆಲಸಕ್ಕಿರುವವರು. ನಿಮ್ಮ ಕ್ಲಾಸಿನ ಹುಡುಗನೇ ತಿಂಗಳ ಕೊನೆಗೆ ನಿಮಗೆ ಸಂಬಳ ಕೊಡುತ್ತಾನೆ ಅಂದುಕೊಳ್ಳಿ, ಅವನಿಗೆ ಗದರಿಸಿ ಲೆಕ್ಕ ಹೇಳಿಕೊಡೋಕೆ ಎಷ್ಟು ಗಟ್ಟಿ ಎದೆ ಬೇಕು? ನಡಾಲ್‌ಗೆ ಚಿಕ್ಕಂದಿನಿಂದ ಕಲಿಸಿದ ಚಿಕ್ಕಪ್ಪ ಟೋನಿ ಅವನಿಂದ ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ. ನಡಾಲ್ ನಂಬರ್ 1 ಆದ ಮೇಲೂ ಅಷ್ಟು ನಿಷ್ಠುರವಾಗಿ ಮಾತಾಡೋಕೆ ಅವರಿಗೆ ಸಾಧ್ಯವಾಗಿದ್ದರಲ್ಲಿ ಅದೂ ಒಂದು ಕಾರಣ ಅಂತ ನಾನು ನಂಬುತ್ತೇನೆ.

ಕೆಳಗಿನ ರ‍್ಯಾಂಕ್‌ನವರ ಕಷ್ಟ ಬೇರೆ. ನಮ್ಮ ಸುಮಿತ್ ನಗಾಲ್ ಭಾರತದ ನಂಬರ್ 1 ಆಗಿದ್ದಾಗಲೇ, 2023ರಲ್ಲಿ, ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯೂರೋ ಅಂತ ಹೇಳಿಕೊಂಡಿದ್ದರು. ಓದಿ ನನಗೆ ಕಣ್ಣಲ್ಲಿ ನೀರು ಬಂತು. ಅಂಥವರು ಕೋಚ್ ಇಲ್ಲದೆ ಒಬ್ಬರೇ ಟೂರ್ನಿಗೆ ಹೋದರೆ ಅದು ಅಹಂಕಾರ ಅಲ್ಲ, ದುಡ್ಡಿಲ್ಲ ಅಷ್ಟೇ. ನಾಲ್ಕು ತಿಂಗಳ ಮೇಲೆ, 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ, ಶ್ರೇಯಾಂಕಿತ ಆಟಗಾರ ಬುಬ್ಲಿಕ್ ಅವರನ್ನು ಇದೇ ನಗಾಲ್ ಸೋಲಿಸಿದರು.

ಪ್ರಶ್ನೆ: ಫೆಡರರ್ ಒಂದು ವರ್ಷ ಕೋಚೇ ಇಲ್ಲದೆ ಆಡಿದ್ದರಂತೆ, ನಿಜವೇ?
(ಓದುಗರು, ಶಿರಾ)

ಉತ್ತರ: ನಿಜ. 2003ರ ಕೊನೆಗೆ ಪೀಟರ್ ಲುಂಡ್‌ಗ್ರೆನ್ ಅವರಿಂದ ಬೇರೆಯಾದರು. 2004 ಪೂರ್ತಿ ಕೋಚ್ ಇಲ್ಲ, ಮೂರು ಗ್ರಾಂಡ್‌ಸ್ಲಾಂ ಬಂತು. ಆದರೆ 2005ಕ್ಕೆ ಟೋನಿ ರೋಚ್ ಅವರನ್ನು ಕರೆದರು. ಗೆಲ್ಲುತ್ತಿರುವಾಗಲೇ ತನಗೆ ಕಾಣದ್ದು ನೋಡೋಕೆ ಇನ್ನೊಬ್ಬರ ಕಣ್ಣು ಬೇಕು ಅಂತ ಅವರಿಗೆ ಅನ್ನಿಸಿತಲ್ಲ, ಅದನ್ನು ಗಮನಿಸಿ.

ಪ್ರಶ್ನೆ: ಮ್ಯಾಚ್ ನಡೆಯುವಾಗ ಕೋಚ್ ಮಾತಾಡಿದರೆ ತಪ್ಪಲ್ಲವೇ? ಈಗ ಎಲ್ಲರೂ ಕೂಗಿ ಹೇಳುತ್ತಾರೆ.
(ಓದುಗರು, ಕುಣಿಗಲ್)

ಉತ್ತರ: ಈಗ ತಪ್ಪಲ್ಲ. 2018ರ ಯುಎಸ್ ಓಪನ್ ಫೈನಲ್‌ನಲ್ಲಿ ಕೋಚ್ ಕೈಸನ್ನೆ ಮಾಡಿದ್ದಕ್ಕೇ ಸೆರೆನಾ ವಿಲಿಯಮ್ಸ್‌ಗೆ ಎಚ್ಚರಿಕೆ ಸಿಕ್ಕಿತ್ತು, ಗಲಾಟೆ ಶುರುವಾಗಿದ್ದೇ ಅಲ್ಲಿಂದ. 2022ರಿಂದ ಪ್ರಯೋಗ ಮಾಡಿ ನೋಡಿದರು, 2025ರ ಜನವರಿ 1ರಿಂದ ನಿಯಮವೇ ಬದಲಾಯಿತು. ನನಗೆ ಹಳೆಯದೇ ಇಷ್ಟ. ಕೋರ್ಟಿನಲ್ಲಿ ಒಬ್ಬನೇ ನಿಂತು ದಾರಿ ಹುಡುಕೋದು ಟೆನಿಸ್‌ನ ಸೊಗಸು.

ಪ್ರಶ್ನೆ: ನನ್ನ ಮಗನಿಗೆ ನಾನೇ ಕಲಿಸುತ್ತೇನೆ. ಇತ್ತೀಚೆಗೆ ಇಬ್ಬರಿಗೂ ಮಾತು ಕಮ್ಮಿಯಾಗಿದೆ.
(ತಂದೆ, ಗುಬ್ಬಿ)

ಉತ್ತರ: ಅಪ್ಪ ಕೋಚ್ ಆಗಿ ಗೆದ್ದವರು ಇದ್ದಾರೆ. ಮಹೇಶ್ ಭೂಪತಿಗೆ ತಂದೆ ಕೃಷ್ಣ ಭೂಪತಿ ಅವರೇ ಗುರು. ಆದರೆ ಗ್ರೀಸ್ ಆಟಗಾರ ಸಿಟ್ಸಿಪಾಸ್ ನೋಡಿ, 2024ರಲ್ಲಿ ಸೋತ ಸಿಟ್ಟಿಗೆ ಕೋಚ್ ಆಗಿದ್ದ ಅಪ್ಪನನ್ನೇ ಎಲ್ಲರೆದುರು ಬೈದು ಬೇರೆಯಾದರು. ನೀವು ಇವತ್ತಿಂದಲೇ ಒಂದು ಕೆಲಸ ಮಾಡಿ: ಕೋರ್ಟ್ ಗೇಟು ದಾಟಿದ ಮೇಲೆ ಟೆನಿಸ್ ಮಾತು ಎತ್ತಬೇಡಿ. ಸೋತು ಬಂದ ರಾತ್ರಿಯಂತೂ ಬೇಡವೇ ಬೇಡ. ಅವನಿಗೆ ಊಟ ಬಡಿಸೋಕೆ ಅಪ್ಪ ಬೇಕು.

ಪ್ರಶ್ನೆ: ಮಗಳಿಗೆ ಹನ್ನೆರಡು ವರ್ಷ. ನಾಲ್ಕು ವರ್ಷದಿಂದ ಇಲ್ಲೇ ತುಮಕೂರಿನ ಒಬ್ಬ ಸರ್ ಹತ್ತಿರ ಕಲಿಯುತ್ತಿದ್ದಾಳೆ. ತುಂಬಾ ಒಳ್ಳೆಯವರು, ಫೀಸು ತಡವಾದರೂ ಕೇಳಿದವರಲ್ಲ. ಈಗ ಎಲ್ಲರೂ ಬೆಂಗಳೂರಿನ ಅಕಾಡೆಮಿಗೆ ಹಾಕಿ ಅನ್ನುತ್ತಾರೆ. ಸರ್‌ಗೆ ಹೇಗೆ ಹೇಳೋದು? ಸುಮ್ನೆ ಕಳಿಸೋದು ನಿಲ್ಲಿಸಿಬಿಡೋಣ ಅಂತಾರೆ ನಮ್ಮನೆಯವರು.
(ತಾಯಿ, ತುಮಕೂರು)

ಉತ್ತರ: ಅಮ್ಮಾ, ಅದೊಂದು ಮಾತ್ರ ಮಾಡಬೇಡಿ. ನಮ್ಮ ಮನೆಯಲ್ಲಿ ಅದೇ ಆಗಿದ್ದು.

ನನಗೆ ಆಗ ಹದಿನಾಲ್ಕು. ಸರ್ ಬೆಳಿಗ್ಗೆ ಐದೂವರೆಗೆ ಸೈಕಲ್ಲಿಗೆ ಚೆಂಡಿನ ಚೀಲ ಕಟ್ಟಿಕೊಂಡು ಬರುತ್ತಿದ್ದರು. ಚಳಿಗಾಲದಲ್ಲಿ ಕೋರ್ಟಿನ ಮೇಲೆ ಇಬ್ಬನಿ ಬಿದ್ದಿದ್ದರೆ ನಾವು ಬರುವ ಮೊದಲೇ ಗೋಣಿಚೀಲದಿಂದ ಒರೆಸಿರುತ್ತಿದ್ದರು. ಬೆಂಗಳೂರಿಗೆ ಸೇರಿಸೋದು ಅಂತ ಮನೆಯಲ್ಲಿ ತೀರ್ಮಾನ ಆಯಿತು. ಸರ್‌ಗೆ ಹೇಳೋಕೆ ಎಲ್ಲರಿಗೂ ಸಂಕೋಚ. ಒಂದು ಸೋಮವಾರದಿಂದ ನಾನು ಹೋಗಲಿಲ್ಲ. ಬುಧವಾರ ಸರ್ ಮನೆಗೇ ಬಂದರು, ಹುಡುಗನಿಗೆ ಜ್ವರವಾ ಅಂತ ಕೇಳಿಕೊಂಡು. ಅಮ್ಮ ಕಾಫಿ ಕೊಟ್ಟರು, ಅಪ್ಪ ಆಗ ವಿಷಯ ಹೇಳಿದರು. ಸರ್ ಕಾಫಿ ಪೂರ್ತಿ ಕುಡಿದು, ಒಳ್ಳೇದಾಗಲಿ ಅಂದರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ಸರ್ವ್ ಮಾಡುವಾಗ ಚೆಂಡು ಎಡಕ್ಕೆ ಎಸೀತಾನೆ, ಅಲ್ಲಿಯವರಿಗೆ ಹೇಳಿ" ಅಂದರು. ನಾನು ಒಳಗಿನ ರೂಮಿನಲ್ಲಿ ನಿಂತು ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ. ಎಷ್ಟೋ ವರ್ಷವಾಗಿದೆ, ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಈಗ ನಿಮ್ಮ ವಿಷಯ. ಮೊದಲು ಹೋಗಲೇಬೇಕಾ ಅಂತ ನೋಡಿ. ಎಪ್ಪತ್ತು ಕಿಲೋಮೀಟರ್ ದೂರ. ದಿನಾ ರೈಲಿನಲ್ಲಿ ಹೋಗಿಬಂದರೆ ನಿದ್ದೆ, ಸ್ಕೂಲು ಎರಡೂ ಕೆಡುತ್ತದೆ. ಇಲ್ಲಿ ಅವಳ ಸಮಕ್ಕೆ ಆಡುವ ಜೊತೆಗಾರರೇ ಇಲ್ಲವಾ? ಒಂದೆರಡು ವರ್ಷದಿಂದ ಆಟ ನಿಂತಲ್ಲೇ ನಿಂತಿದೆಯಾ? ಹಾಗಿದ್ದರೆ ಬದಲಾವಣೆ ಬೇಕು. ಪಕ್ಕದ ಮನೆಯವರು ಹೇಳಿದರು ಅಂತಾದರೆ ಬೇಡ. ರಜೆಯಲ್ಲಿ, ವಾರದ ಕೊನೆಗೆ ಬೆಂಗಳೂರಿನಲ್ಲಿ ಟೂರ್ನಿ ಆಡಿಸಿ, ಉಳಿದ ದಿನ ಇಲ್ಲೇ ಕಲಿಯಲಿ. ಹನ್ನೆರಡಕ್ಕೆ ಇದು ಸಾಕಾಗಬಹುದು. ಇದನ್ನು ಸರ್ ಜೊತೆಯೇ ಕೂತು ಮಾತಾಡಿ, ಎಷ್ಟೋ ಸಲ ಇವಳನ್ನು ಮುಂದಕ್ಕೆ ಕಳಿಸಿ ಅಂತ ಅವರೇ ಹೇಳುತ್ತಾರೆ.

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಕೂಡ ಆಟಕ್ಕಾಗಿ ಊರು ಬಿಟ್ಟವರೇ. 2024ರಲ್ಲಿ, 43ನೇ ವಯಸ್ಸಿಗೆ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಊರು ಬಿಡುವುದು ತಪ್ಪಲ್ಲ. ಫೆಡರರ್‌ಗೆ ಬಾಲ್ಯದಲ್ಲಿ ಕಲಿಸಿದವರು ಆಸ್ಟ್ರೇಲಿಯಾದ ಪೀಟರ್ ಕಾರ್ಟರ್. ದೊಡ್ಡ ಟೂರ್‌ಗೆ ಹೊರಡುವಾಗ ಕಾರ್ಟರ್ ಮತ್ತು ಲುಂಡ್‌ಗ್ರೆನ್ ನಡುವೆ ಒಬ್ಬರನ್ನು ಆರಿಸಬೇಕಾಯಿತು, ಫೆಡರರ್ ಲುಂಡ್‌ಗ್ರೆನ್ ಅವರನ್ನು ಆರಿಸಿದರು. 2002ರಲ್ಲಿ ಕಾರ್ಟರ್ ದಕ್ಷಿಣ ಆಫ್ರಿಕಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಫೆಡರರ್ ಮೊದಲ ಗ್ರಾಂಡ್‌ಸ್ಲಾಂ ಗೆದ್ದಿದ್ದು ಮರುವರ್ಷ, ನೋಡೋಕೆ ಅವರಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಕಾರ್ಟರ್ ಅವರ ಅಪ್ಪ-ಅಮ್ಮನನ್ನು ತಮ್ಮ ಖರ್ಚಿನಲ್ಲಿ ಆಸ್ಟ್ರೇಲಿಯನ್ ಓಪನ್‌ಗೆ ಕರೆಸಿಕೊಂಡರು. 2019ರ ಒಂದು ಸಂದರ್ಶನದಲ್ಲಿ ಆ ಹೆಸರು ಬಂದ ಕೂಡಲೇ ಮಾತು ಹೊರಡದೆ ಅತ್ತರು.

ಒಂದು ಎಚ್ಚರಿಕೆ, ಇದು ಎಲ್ಲ ತಂದೆತಾಯಿಗೂ. ಕೋಚ್ ಹೊಡೆಯುತ್ತಾರೆ, ಕೆಟ್ಟದಾಗಿ ಮಾತಾಡುತ್ತಾರೆ, ಮೈ ಮುಟ್ಟುವ ರೀತಿ ಸರಿಯಿಲ್ಲ ಅಂತ ಮಗು ಹೇಳಿದರೆ, ಇಲ್ಲಿ ಬರೆದ ಸೌಜನ್ಯ ಯಾವುದೂ ಅನ್ವಯಿಸುವುದಿಲ್ಲ. ಅವತ್ತೇ ಬಿಡಿಸಿ, ದೂರು ಕೊಡಿ.

ನಿಮ್ಮ ಸರ್ ಅಂಥವರಲ್ಲ. ಹಾಗಾಗಿ ನೀವೂ ನಿಮ್ಮನೆಯವರೂ ಇಬ್ಬರೂ ಹೋಗಿ, ಮಗಳನ್ನು ಕರೆದುಕೊಂಡು ಹೋಗಿ, ವಾಟ್ಸಾಪ್‌ನಲ್ಲಿ ಹೇಳಬೇಡಿ. ಬಾಕಿ ಫೀಸಿದ್ದರೆ ಅವತ್ತೇ ಕೊಟ್ಟುಬಿಡಿ. ಹೊಸ ಕೋಚ್‌ಗೆ ಇವಳ ಆಟದ ಬಗ್ಗೆ ಏನು ಹೇಳಬೇಕು ಅಂತ ಕೇಳಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭಾನುವಾರ ಊರಲ್ಲಿದ್ದರೆ ಬಂದು ಆಡಬಹುದಾ ಸರ್ ಅಂತ ಮಗಳೇ ಕೇಳಲಿ.