ಇಂಟರಾಕ್ಟಿವ್ ಚಾರ್ಟ್ ಮಾಡಿದರೂ ಜನ ಯಾಕೆ ಮುಟ್ಟುವುದೇ ಇಲ್ಲ?

ವೆಬ್ ಪೇಜಿನಲ್ಲಿ ಚಾರ್ಟ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಡಿ3 ಕಲಿತಿದ್ದೀರಿ, ಚಾರ್ಟಿಗೆ ಫಿಲ್ಟರ್, ಟೂಲ್‌ಟಿಪ್ (ಮೌಸ್ ಮೇಲೆ ತಂದಾಗ ತೆರೆಯುವ ಪುಟ್ಟ ವಿವರ), ಅನಿಮೇಶನ್ ಎಲ್ಲಾ ಹಾಕಿದ್ದೀರಿ, ಆದರೂ ನೋಡಿದವರು ‘ಚೆನ್ನಾಗಿದೆ’ ಅಂತ ಹೇಳಿ ಮುಂದೆ ಹೋಗುತ್ತಾರೆ, ಚಾರ್ಟ್ ‘ಕ್ರಿಯೇಟಿವ್’ ಆಗಿ ಕಾಣಬೇಕು, ಅದಕ್ಕೆ ಇನ್ನು ತ್ರೀಡಿ ಚಿತ್ರ ಬಿಡಿಸುವ ತ್ರೀಜೆಎಸ್ ಕಲಿಯಬೇಕಾ ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸ ಮಾಡುವವನು. ಹೊಸ ಲೈಬ್ರರಿಗೆ ಕೈಹಾಕುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ.

ಚಾರ್ಟ್ ತೆರೆದ ತಕ್ಷಣ ಕಾಣುವ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ವಿಷಯ ಗೊತ್ತಿಲ್ಲದ ಯಾರಿಗಾದರೂ ಸುಮ್ನೆ ಕಳಿಸಿ, ಏನು ಅರ್ಥವಾಯಿತು ಅಂತ ಕೇಳಿ. ಏನೂ ಆಗಲಿಲ್ಲ ಅಂದರೆ ತೊಂದರೆ ಕೋಡಿನಲ್ಲಿಲ್ಲ. ಹೇಳಬೇಕಾದ್ದನ್ನು ನೀವು ಕ್ಲಿಕ್ಕಿನ ಹಿಂದೆ ಬಚ್ಚಿಟ್ಟಿದ್ದೀರಿ, ಅಷ್ಟೆ.

ನ್ಯೂಯಾರ್ಕ್ ಟೈಮ್ಸ್‌ನ ಗ್ರಾಫಿಕ್ಸ್ ವಿಭಾಗದ ಆರ್ಚಿ ಟ್ಸೆ 2016ರಲ್ಲಿ ಇದನ್ನು ನೇರವಾಗಿಯೇ ಹೇಳಿದ್ದರು. ಓದುಗರು ಸ್ಕ್ರೋಲ್ ಮಾಡುತ್ತಾರೆ, ಬೇರೇನಾದರೂ ಮಾಡಿಸಬೇಕಾದರೆ ಅದರಿಂದ ಭಾರೀ ಏನಾದರೂ ಆಗಬೇಕು, ಟೂಲ್‌ಟಿಪ್ಪಿನಲ್ಲಿ ಹಾಕಿದ್ದನ್ನು ಯಾರೂ ನೋಡುವುದಿಲ್ಲ ಅಂತಲೇ ಅಂದುಕೊಳ್ಳಿ ಅನ್ನುವುದು ಅವರ ಮಾತಿನ ಸಾರ. ಮೊಬೈಲಿನಲ್ಲಂತೂ ಹೋವರ್, ಅಂದರೆ ಒತ್ತದೆ ಸುಮ್ಮನೆ ಮೌಸ್ ಮೇಲೆ ತರುವುದು, ಅನ್ನುವುದೇ ಇಲ್ಲ, ಅಲ್ವಾ?

ಹಾಗಂತ ಇಂಟರಾಕ್ಷನ್ ದಂಡ ಅಂತ ನಾನು ಹೇಳುತ್ತಿಲ್ಲ. ಅದೇ ಪತ್ರಿಕೆ 2015ರಲ್ಲಿ ಒಂದು ಖಾಲಿ ಗ್ರಾಫ್ ಪ್ರಕಟಿಸಿತು. ಅಮೆರಿಕದಲ್ಲಿ ಅಪ್ಪ ಅಮ್ಮನ ಆದಾಯ ಹೆಚ್ಚಿದ ಹಾಗೆ ಮಕ್ಕಳು ಕಾಲೇಜಿಗೆ ಹೋಗುವ ಪ್ರಮಾಣ ಹೇಗೆ ಬದಲಾಗುತ್ತದೆ ಅನ್ನುವುದನ್ನು ಓದುಗರೇ ಗೆರೆ ಎಳೆದು ತೋರಿಸಬೇಕಿತ್ತು. ಎಳೆದ ಮೇಲಷ್ಟೇ ನಿಜವಾದ ಗೆರೆ ಬರುತ್ತಿತ್ತು. ಅದು ಹೆಚ್ಚುಕಡಿಮೆ ನೆಟ್ಟಗಿನ ಗೆರೆ. ಸುಮ್ಮನೆ ಪ್ರಿಂಟ್ ಮಾಡಿದ್ದರೆ ‘ಅದರಲ್ಲೇನಿದೆ’ ಅಂತ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ. ಆದರೆ ತಾನು ಎಳೆದದ್ದು ಎಲ್ಲಿ ತಪ್ಪಿತು ಅಂತ ನೋಡದೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಕಡಿಮೆ, ಯಾಕಂದರೆ ಇಲ್ಲಿ ಬೆರಳಿನ ಕೆಲಸ ತೆಗೆದರೆ ಕಥೆಯೇ ಉಳಿಯುವುದಿಲ್ಲ. ನಿಮ್ಮ ಫಿಲ್ಟರ್ ಬಟನ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ, ಏನೂ ಕಳೆದುಹೋಗದಿದ್ದರೆ ಅವು ಬೇಡ.

ಒಂದು ವಿನಾಯಿತಿ ಇದೆ. ದಿನವೂ ಅದೇ ಡೇಟಾ ನೋಡುವವರು, ತಮ್ಮದೇ ಪ್ರಶ್ನೆ ಹಿಡಿದು ಬರುವವರು ಬೇರೆ ಜಾತಿ. ಅವರಿಗೆ ಫಿಲ್ಟರ್ ಬೇಕೇ ಬೇಕು. ಕಂಪ್ಯೂಟರ್ ವಿಜ್ಞಾನಿ ಬೆನ್ ಶ್ನೈಡರ್‌ಮನ್ 1996ರಲ್ಲಿ ಹೇಳಿದ ಕ್ರಮ ಅವರಿಗೆ ಇವತ್ತಿಗೂ ಸರಿಹೋಗುತ್ತದೆ: ಮೊದಲು ಪೂರ್ತಿ ನೋಟ, ಆಮೇಲೆ ಜೂಮ್ ಮತ್ತು ಫಿಲ್ಟರ್, ಕೇಳಿದಾಗ ವಿವರ.

ಇನ್ನು ‘ಕ್ರಿಯೇಟಿವ್’ ಆಗಿ ಕಾಣಬೇಕು ಅನ್ನುವ ನಿಮ್ಮ ಆಸೆ. ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ, ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಚೆನ್ನಾಗಿ ಓದುತ್ತದೆ, ಕೋನ ಮತ್ತು ವಿಸ್ತೀರ್ಣದಲ್ಲಿ ಜಾಸ್ತಿ ಎಡವುತ್ತದೆ. ಹಾಗಾಗಿ ಎರಡು ಸಂಖ್ಯೆಗಳನ್ನು ನಿಖರವಾಗಿ ಹೋಲಿಸಬೇಕಾದ ಕಡೆ ಹೂವು, ಗುಳ್ಳೆ ಬಿಡಿಸಬೇಡಿ. ಹೋಲಿಕೆ ಮುಖ್ಯವಲ್ಲದ ಕಡೆ ಮನಸೋ ಇಚ್ಛೆ ಆಡಿ. ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 2018ರಲ್ಲಿ ಮಾಡಿದ ನೀಲಿ ಕೆಂಪು ಪಟ್ಟೆಗಳನ್ನು ನೋಡಿರುತ್ತೀರಿ, ವರ್ಷಕ್ಕೊಂದು ಪಟ್ಟೆ, ತಂಪಾದ ವರ್ಷ ನೀಲಿ, ಬಿಸಿಯಾದದ್ದು ಕೆಂಪು. ಅಂಕಿಯಿಲ್ಲ, ಅಕ್ಷವಿಲ್ಲ, ಒತ್ತಲು ಏನೂ ಇಲ್ಲ. ಭೂಮಿ ಬಿಸಿಯಾಗುತ್ತಿದೆಯಾ ಅನ್ನುವ ಒಂದೇ ಪ್ರಶ್ನೆಗೆ ಅಷ್ಟು ಸಾಕಾಯಿತು.

ಕೈ ಪಳಗಬೇಕಾದರೆ ಸ್ವಲ್ಪ ದಿನ ಲ್ಯಾಪ್‌ಟಾಪ್ ಮುಚ್ಚಿ. ಡಿಸೈನರ್‌ಗಳಾದ ಜಾರ್ಜಿಯಾ ಲೂಪಿ ಮತ್ತು ಸ್ಟೆಫನಿ ಪೊಸಾವೆಕ್ ಒಂದು ವರ್ಷ ವಾರಕ್ಕೊಂದು ವಿಷಯ ಲೆಕ್ಕ ಇಟ್ಟು, ಪೋಸ್ಟ್‌ಕಾರ್ಡಿನ ಮೇಲೆ ಕೈಯಲ್ಲೇ ಬಿಡಿಸಿ ಒಬ್ಬರಿಗೊಬ್ಬರು ಕಳಿಸಿಕೊಂಡರು, ಓದುವ ಬಗೆ ಕಾರ್ಡಿನ ಹಿಂಬದಿಯಲ್ಲಿ. ಪೆನ್ನು ಹಿಡಿದರೆ ಲೈಬ್ರರಿ ಕೊಡುವ ಸಿದ್ಧ ಆಕಾರಗಳು ತಲೆಗೆ ಬರುವುದಿಲ್ಲ. ನಾನು ಈಗಲೂ ಮೊದಲು ಕಾಗದದ ಮೇಲೇ ಬಿಡಿಸುವುದು.

ತ್ರೀಜೆಎಸ್? ಗ್ಲೋಬ್, ಕಟ್ಟಡ, ಅಣುಗಳ ರಚನೆ, ಇಂಥ ಡೇಟಾ ಇದ್ದರೆ ಕಲಿಯಿರಿ. ಬಾರ್ ಚಾರ್ಟನ್ನು ತ್ರೀಡಿಯಲ್ಲಿ ನಿಲ್ಲಿಸಿದರೆ ಮುಂದಿನ ಕಂಬದ ಮರೆಗೆ ಹಿಂದಿನದು ಹೋಗುತ್ತದೆ. ಸಾವಿರಾರು ಚುಕ್ಕೆ ಬಿಡಿಸುವಾಗ ಪೇಜ್ ಒದ್ದಾಡುತ್ತಿದೆ ಅನ್ನುವುದು ಕಾರಣವಾದರೆ ಪ್ರತಿ ಚುಕ್ಕೆಯನ್ನೂ ಬೇರೆ ಬೇರೆ ವಸ್ತುವಾಗಿ ಇಡುವ ಎಸ್‌ವಿಜಿ ಬಿಟ್ಟು, ಎಲ್ಲವನ್ನೂ ಒಂದೇ ಚಿತ್ರವಾಗಿ ಬಿಡಿಸುವ ಕ್ಯಾನ್ವಾಸ್ ಬಳಸಿ, ಡಿ3 ಜೊತೆ ಅದೂ ನಡೆಯುತ್ತದೆ.